ಹಳೇ ಮಾತ್ರೆಗಳನ್ನು ಹಾಗೇ ಕಸಕ್ಕೆ ಹಾಕಬೇಡಿ

ನಮ್ಮ ಅತ್ತೆ ತೀರಿಕೊಂಡ ಮೇಲೆ ಅವರ ಔಷಧಿ ಡಬ್ಬ ಹಾಗೇ ಉಳಿದಿತ್ತು. ಬಿಪಿದು, ಶುಗರ್‌ದು, ಮಂಡಿನೋವಿಂದು, ಎಲ್ಲಾ ಸೇರಿ ಒಂದು ಬಿಸ್ಕತ್ ಡಬ್ಬದ ತುಂಬಾ ಇತ್ತು. ವೈಕುಂಠ ಸಮಾರಾಧನೆ ಮುಗಿದು ಮನೆ ಒಪ್ಪ ಮಾಡುವಾಗ ಅದನ್ನೆಲ್ಲ ಒಂದು ಕವರಿಗೆ ಸುರಿದು ಕಸದ ಗಾಡಿಗೆ ಕೊಟ್ಟುಬಿಟ್ಟೆ. ಮಾರನೇ ದಿನ ಕಸ ತೆಗೆದುಕೊಳ್ಳುವ ಹೆಂಗಸು ಒಂದು ಸ್ಟ್ರಿಪ್ ಹಿಡಿದು ಬಂದು, "ಅಮ್ಮಾ, ಇದು ಮಂಡಿನೋವಿನ ಮಾತ್ರೆ ಅಲ್ವಾ, ನಾನು ತಗೋಬಹುದಾ?" ಅಂತ ಕೇಳಿದರು. ನೋಡಿದರೆ ಗ್ಲಿಮೆಪಿರೈಡ್, ಶುಗರ್ ಮಾತ್ರೆ! ಸಕ್ಕರೆ ಕಾಯಿಲೆ ಇಲ್ಲದವರು ಅದನ್ನು ನುಂಗಿದರೆ ರಕ್ತದಲ್ಲಿ ಸಕ್ಕರೆ ಇಳಿದು ತಲೆ ತಿರುಗಿ ಬೀಳಬಹುದು. ಚಿಕ್ಕ ಮಕ್ಕಳಿಗಂತೂ ಒಂದೇ ಮಾತ್ರೆ ಸಾಕು, ಜೀವಕ್ಕೇ ಕುತ್ತು. ಆಕೆ ಕೇಳಿದರು, ಸರಿಹೋಯಿತು. ಕೇಳದೇ ಇದ್ದಿದ್ದರೆ?

ಆವತ್ತಿನಿಂದ ನಮ್ಮ ಮನೆಯಿಂದ ಒಂದು ಮಾತ್ರೆಯೂ ಮಾತ್ರೆಯ ರೂಪದಲ್ಲಿ ಹೊರಗೆ ಹೋಗಿಲ್ಲ.

ನಾನು ಮಾಡೋದು ಇಷ್ಟೇ. ಬೆಳಿಗ್ಗೆ ಫಿಲ್ಟರಿನಲ್ಲಿ ಉಳಿಯುವ ಕಾಫಿ ಚರಟ ಇರುತ್ತದಲ್ಲ, ಅದನ್ನು ಒಂದು ಹಳೇ ಕವರಿಗೆ ಹಾಕಿ, ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಒಂದೊಂದಾಗಿ ಬಿಡಿಸಿ ಅದರಲ್ಲಿ ಸೇರಿಸುತ್ತೇನೆ. ಚರಟ ಇಲ್ಲದಿದ್ದರೆ ಒದ್ದೆ ಮಣ್ಣೂ ಆಗುತ್ತದೆ. ಸಿರಪ್ ಉಳಿದಿದ್ದರೆ ಅದನ್ನೂ ಅದಕ್ಕೇ ಸುರಿದು ಚೆನ್ನಾಗಿ ಕಲಸಿಬಿಡಿ. ಮಾತ್ರೆಯನ್ನು ಪುಡಿ ಮಾಡೋಕೆ ಹೋಗಬೇಡಿ, ಪುಡಿ ಮೂಗಿಗೆ ಹೋಗುತ್ತದೆ. ಆಮೇಲೆ ಕವರ್ ಬಿಗಿಯಾಗಿ ಗಂಟು ಹಾಕಿ, ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಿ ಕೆಂಪು ಡಬ್ಬದ (ಪ್ಯಾಡ್, ಡೈಪರ್ ಥರದ) ಕಸದ ಜೊತೆ ಬೇರೆಯಾಗಿ ಕೊಡಿ. ಅವಧಿ ಮುಗಿದ ಔಷಧಿಯನ್ನು ಹಸಿಕಸಕ್ಕೂ ಒಣಕಸಕ್ಕೂ ಸೇರಿಸದೆ ಬೇರೆಯಾಗಿಯೇ ಕೊಡಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ಬಾಟಲಿ ಮೇಲಿನ ಚೀಟಿ ಹರಿದುಹಾಕಿ. ಖಾಲಿ ಸ್ಟ್ರಿಪ್ಪನ್ನು ಕತ್ತರಿಯಿಂದ ಎರಡು ತುಂಡು ಮಾಡಿಯೇ ಒಣಕಸಕ್ಕೆ ಹಾಕಿ.

ಕಮೋಡಿಗೋ ಸಿಂಕಿಗೋ ಸುರಿದರೆ ಸುಲಭ ಅಲ್ವಾ ಅಂತ ನನ್ನ ಮಗಳೂ ಕೇಳಿದಳು. ಬೇಡ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಾರೆ. ಆ ಘಟಕಗಳು ಕೊಳೆ ತೆಗೆಯುವುದಕ್ಕೆ ಇರುವುದು, ನಮ್ಮ ಆಂಟಿಬಯೋಟಿಕ್ ಪೂರ್ತಿ ತೆಗೆಯುವುದಕ್ಕಲ್ಲ. ಹಾಗೆ ಉಳಿದ ಔಷಧಿಗೆ ನೀರಿನಲ್ಲಿರುವ ರೋಗಾಣುಗಳು ಒಗ್ಗಿಹೋದರೆ ನಾಳೆ ಅದೇ ಔಷಧಿ ನಮಗೆ ಕೆಲಸ ಮಾಡಲ್ಲ. ಆದರೆ ಇದಕ್ಕೆ ಹೊರತಾದವೂ ಇವೆ. ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಡಯಾಜೆಪಾಮ್ ಥರದ, ಚಟ ಹಿಡಿಸಬಲ್ಲ 17 ಔಷಧಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಜಾಸ್ತಿ ಅಪಾಯ, ಅವನ್ನು ಕಮೋಡಿಗೆ ಹಾಕಿ ನೀರು ಬಿಡಿ ಅಂತ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಪಟ್ಟಿ ಕೊಟ್ಟಿದೆ. ಕ್ಯಾನ್ಸರ್ ಮಾತ್ರೆಗಳನ್ನು ಮಾತ್ರ ಬರಿಗೈಯಲ್ಲಿ ಬಿಡಿಸಬೇಡಿ. ಕೊಟ್ಟ ಆಸ್ಪತ್ರೆಯಲ್ಲೇ ವಿಚಾರಿಸಿ. ಹಳ್ಳಿಯಲ್ಲಿ ಕಸದ ಗಾಡಿ ಬರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಕೇಳಿ ನೋಡಿ. ಒಲೆಗೆ ಹಾಕಿ ಸುಡಬೇಡಿ, ಹಿತ್ತಲಲ್ಲಿ ಬಾವಿ ಪಕ್ಕ ಹೂಳಬೇಡಿ. ಇನ್‌ಹೇಲರ್ ಡಬ್ಬಿ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ.

ಯಾವುದು ಹಳೇದು ಅಂತ ಗೊತ್ತಾಗೋದು ಹೇಗೆ? ಸ್ಟ್ರಿಪ್ ಮೇಲೆ ಅವಧಿ 08/2025 ಅಂತಿದ್ದರೆ ಆಗಸ್ಟ್ ಕೊನೇ ದಿನದವರೆಗೂ ನಡೆಯುತ್ತದೆ. ಈ ತಾರೀಖು ಕೊನೇವರೆಗೂ ಕಾಣುತ್ತಿರಬೇಕು, ಅದಕ್ಕೇ ತಾರೀಖು ಇರುವ ತುದಿಯನ್ನು ಕೊನೆಗೆ ಉಳಿಸಿಕೊಂಡು, ಇನ್ನೊಂದು ಕಡೆಯಿಂದ ಮಾತ್ರೆ ಬಿಡಿಸುತ್ತಾ ಬನ್ನಿ. ಕಣ್ಣಿನ ಡ್ರಾಪ್ಸ್ ಮುಚ್ಚಳ ತೆಗೆದ ಮೇಲೆ ಸಾಮಾನ್ಯವಾಗಿ ಒಂದೇ ತಿಂಗಳು. ಮಕ್ಕಳಿಗೆ ನೀರು ಬೆರೆಸಿ ಕೊಡುವ ಆಂಟಿಬಯೋಟಿಕ್ ಸಿರಪ್ ಹೆಚ್ಚಿನವು ಒಂದು ವಾರ, ಬಾಟಲಿ ಮೇಲೆ ಎಷ್ಟು ದಿನ ಅಂತ ಬರೆದಿರುತ್ತದೆ. ತೆಗೆದ ದಿನವೇ ಬಾಟಲಿ ಮೇಲೆ ತಾರೀಖು ಗೀಚಿಡಿ. ಯುಗಾದಿಗೆ ಒಂದು ಸಲ, ದಸರಾಕ್ಕೆ ಒಂದು ಸಲ ಧೂಳು ಹೊಡೆಯುವಾಗ ಔಷಧಿ ಡಬ್ಬವನ್ನೂ ಇಳಿಸಿ ನೋಡಿದರೆ ಸಾಕು.

ಇನ್ಸುಲಿನ್ ಸೂಜಿಗಳನ್ನು ಮಾತ್ರ ಈ ಕವರಿಗೆ ಸೇರಿಸಬೇಡಿ. ನಮ್ಮ ಯಜಮಾನರ ಸೂಜಿಗಳಿಗೆ ಒಂದು ಗಟ್ಟಿ ಪ್ಲಾಸ್ಟಿಕ್ ಬಾಟಲಿ ಇಟ್ಟಿದ್ದೇನೆ, ಫಿನಾಯಿಲ್ ಬಾಟಲಿ ಥರದ್ದು. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ದಪ್ಪ ಅಕ್ಷರದಲ್ಲಿ 'ಸೂಜಿ' ಅಂತ ಬರೆದು, ಗಾಡಿಗೆ ಎಸೆಯದೆ ಕಸ ತೆಗೆದುಕೊಳ್ಳುವ ಆಕೆಯ ಕೈಗೇ ಕೊಟ್ಟು, "ಇದರಲ್ಲಿ ಸೂಜಿ ಇದೆ ಕಣಮ್ಮ, ಹುಷಾರು" ಅಂತ ಬಾಯಿಬಿಟ್ಟು ಹೇಳುತ್ತೇನೆ.