ವಿಲಿಯಮ್ಸ್‌ಟೌನ್‌ಗೆ ಹೊಸದಾಗಿ ಬಂದವರಿಗೆ

ಬನ್ನಿ, ನಮಸ್ಕಾರ. ಮೆಲ್ಬರ್ನಿನ ಪಶ್ಚಿಮಕ್ಕೆ ಬರುವ ನಮ್ಮವರು ಹೆಚ್ಚಾಗಿ ಪಾಯಿಂಟ್ ಕುಕ್, ಟಾರ್ನೀಟ್ ಕಡೆ ಮನೆ ಮಾಡುತ್ತಾರೆ. ವಿಲಿಯಮ್ಸ್‌ಟೌನಿನಲ್ಲಿ ಕನ್ನಡದ ಮನೆಗಳು ಕೆಲವೇ. ಹಾಗಾಗಿ ಒಬ್ಬರು ಎಡವಿದರೂ ಎಲ್ಲರ ಹೆಸರು ಕೆಡುತ್ತದೆ. ಊರಿಂದ ಅಪ್ಪ ಅಮ್ಮ ಬಂದಾಗ ಅವರಿಗೂ ಇದನ್ನು ಓದಿ ಹೇಳಿ.

ಊರಿನ ಬಗ್ಗೆ

ಇದು ಇಲ್ಲಿನ ಮೂಲನಿವಾಸಿಗಳಾದ ಯಲುಕಿಟ್ ವಿಲ್ಲಂ ಜನರ ನೆಲ. 1837ರಲ್ಲಿ ಬ್ರಿಟಿಷರು ತಮ್ಮ ದೊರೆ ನಾಲ್ಕನೇ ವಿಲಿಯಂನ ಹೆಸರಿಟ್ಟರು. ಆಗ ಹಡಗುಗಳೆಲ್ಲ ಇಲ್ಲೇ ನಿಲ್ಲುತ್ತಿದ್ದವು. ಆದರೆ ಸಿಹಿನೀರಿಗೆ ತತ್ವಾರ. ಯಾರಾ ನದಿಯ ದಡದಲ್ಲಿದ್ದ ಮೆಲ್ಬರ್ನ್ ದೊಡ್ಡದಾಯಿತು, ಇದು ಬಂದರಾಗಿ ಉಳಿಯಿತು.

ಪಾಯಿಂಟ್ ಗೆಲ್ಲಿಬ್ರಾಂಡ್‌ನಲ್ಲಿರುವ ಕಪ್ಪು ಕಲ್ಲಿನ ಗೋಪುರವನ್ನು ಮಕ್ಕಳಿಗೆ ತೋರಿಸಿ. 1849ರಲ್ಲಿ ಕಟ್ಟಿದ ಲೈಟ್‌ಹೌಸ್ ಅದು. ಮುಂದೆ ದಿನಾ ಮಧ್ಯಾಹ್ನ 1 ಗಂಟೆಗೆ ಅದರ ಮೇಲಿಂದ ಒಂದು ಚೆಂಡು ಇಳಿಯುತ್ತಿತ್ತು. ಅದನ್ನು ನೋಡಿ ಹಡಗಿನವರು ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಆ ತೀರದ ಎದುರಿಗೇ 1850ರ ದಶಕದಲ್ಲಿ ಹಳೇ ಹಡಗುಗಳನ್ನು ಜೈಲು ಮಾಡಿ ಕೈದಿಗಳನ್ನು ಕೂಡಿಟ್ಟಿದ್ದರು.

ಇಲ್ಲಿನವರಿಗೆ ಈ ಹಳೇ ಕಟ್ಟಡಗಳ ಮೇಲೆ ಬಹಳ ಪ್ರೀತಿ. ಹಳೇ ಬೀದಿಯಲ್ಲಿ ಮನೆ ಕೊಂಡರೆ ಬೇಲಿ ಬದಲಿಸುವ ಮೊದಲು ಕೌನ್ಸಿಲ್‌ನಲ್ಲಿ ವಿಚಾರಿಸಿ. 'ನನ್ನ ಮನೆ, ನನ್ನಿಷ್ಟ' ಅನ್ನೋದು ಇಲ್ಲಿ ನಡೆಯುವುದಿಲ್ಲ.

ಸಮುದ್ರ

ಇದನ್ನು ದಯವಿಟ್ಟು ಪೂರ್ತಿ ಓದಿ. ನಾನು ಮಂಗಳೂರಿನ ಕಡೆಯವಳು. ಬಂದ ಹೊಸದರಲ್ಲಿ ನೀರು ಇಳಿದಾಗ ಬಂಡೆಗಳ ಮೇಲೆ ಚಿಪ್ಪುಗಳನ್ನು ಕಂಡು ಮರುವಾಯಿ ಸುಕ್ಕದ (ನಮ್ಮ ಕಡೆಯ ಚಿಪ್ಪಿನ ಪಲ್ಯ) ನೆನಪಾಯಿತು. ಮಗಳ ಜೊತೆ ಒಂದು ಬಕೆಟ್ ಆರಿಸಿದೆ. ಅಧಿಕಾರಿಯೊಬ್ಬರು ಬಂದು ಅಷ್ಟನ್ನೂ ವಾಪಸ್ ಹಾಕಿಸಿದರು. ಮಗಳು ಅಳುತ್ತಾ ಮನೆಗೆ ಬಂದಳು. ಆ ದಿನದ ಅವಮಾನ ನಿಮಗೆ ಬೇಡ.

ಪೋರ್ಟ್ ಫಿಲಿಪ್ ಕೊಲ್ಲಿಯ ದಡದಲ್ಲಿ, 2 ಮೀಟರ್ ಆಳದ ನೀರಿನವರೆಗೆ, ಚಿಪ್ಪುಜೀವಿಗಳನ್ನು ತೆಗೆಯುವಂತೆಯೇ ಇಲ್ಲ. ಒಂದೂ ಇಲ್ಲ. ಗಾಳ ಹಾಕಲು 18ರಿಂದ 69 ವಯಸ್ಸಿನವರಿಗೆ ಲೈಸೆನ್ಸ್ ಬೇಕು. ನಮ್ಮ ತೀರದಲ್ಲೇ ಇರುವ ಜಾಬೋನ್ ಎಂಬ ಸಮುದ್ರ ರಕ್ಷಿತ ಪ್ರದೇಶದಲ್ಲಿ ಲೈಸೆನ್ಸ್ ಇದ್ದರೂ ಮೀನು ಹಿಡಿಯುವಂತಿಲ್ಲ.

ಇನ್ನು ಗಣಪತಿ. ಮೂರ್ತಿ, ಹೂವು, ತೆಂಗಿನಕಾಯಿ ಯಾವುದನ್ನೂ ನೀರಿಗೆ ಬಿಡಬೇಡಿ. ಮನೆಯಲ್ಲೇ ಬಕೆಟ್‌ನಲ್ಲಿ ವಿಸರ್ಜನೆ ಮಾಡಿ, ಮಣ್ಣನ್ನು ಗಿಡಕ್ಕೆ ಹಾಕಿ. ಪ್ರತಿ ವರ್ಷ ಹೇಳುತ್ತೇವೆ. ಪ್ರತಿ ವರ್ಷ ಯಾರೋ ಒಬ್ಬರು ಕೇಳುವುದಿಲ್ಲ. ಬೇಜಾರಾಗುತ್ತದೆ.

ಈಜಲು ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ.

ಉಳಿದದ್ದು

ತುರ್ತಿಗೆ: 000.
ರೈಲು: ವೆರಿಬಿ ರೈಲು ಹತ್ತಿದ್ದರೆ ನ್ಯೂಪೋರ್ಟ್‌ನಲ್ಲಿ ಇಳಿದು ಬದಲಿಸಿ.
ಬಾಡಿಗೆ ಮನೆ: ಗೋಡೆಯ ಪ್ರತಿ ಕಲೆಯ ಫೋಟೋ ತೆಗೆದು, ಕಂಡಿಷನ್ ರಿಪೋರ್ಟ್ (ಮನೆ ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿ) ತುಂಬಿ, ಮನೆ ಸೇರಿದ 5 ಕೆಲಸದ ದಿನಗಳೊಳಗೆ ಕೊಡಿ.
ಬಿಸಿಲು: ಮಕ್ಕಳಿಗೆ ಟೋಪಿ, ಸನ್‌ಸ್ಕ್ರೀನ್. ನಮ್ಮ ಬಣ್ಣಕ್ಕೆ ಬೇಡ ಅನ್ನಬೇಡಿ.
ಗಾಳಿ: ಇಲ್ಲಿ ಬೀಚ್ ಇರುವುದು ದಕ್ಷಿಣಕ್ಕೆ. ಬೆಳಿಗ್ಗೆ ಎಷ್ಟೇ ಸೆಕೆ ಇದ್ದರೂ ಮಧ್ಯಾಹ್ನ ದಕ್ಷಿಣದ ಗಾಳಿ ತಿರುಗಿದರೆ ನಡುಕ ಬರುತ್ತದೆ. ಜಾಕೆಟ್ ಚೀಲದಲ್ಲೇ ಇರಲಿ.