ನಿನ್ನೆ ಹಾಲು ಹಾಕಿ ಬಂದಮೇಲೆ ಏನು ನೋಡಿದಿರಿ?

"ದಿನಕ್ಕೆ ಎಷ್ಟು ಗಂಟೆ ಟೀವಿ ನೋಡುತ್ತೀರಿ?" ಅನ್ನುವ ಪ್ರಶ್ನೆಯನ್ನು ನಾನು ಈಗ ಯಾರಿಗೂ ಕೇಳುವುದಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣದ ಹಳ್ಳಿಗಳಲ್ಲಿ ಜನ ಏನು ನೋಡುತ್ತಾರೆ, ಏನು ಕೇಳುತ್ತಾರೆ ಅಂತ ತಿಳಿದು ಬರೆಯುವುದು ನನ್ನ ಕೆಲಸ. ಈ ಪ್ರಶ್ನೆಗೆ ಸಿಗುವುದು ಬರೀ ಮರ್ಯಾದೆಯ ಉತ್ತರ. ಗಂಡಸರು ನ್ಯೂಸ್ ಅನ್ನುತ್ತಾರೆ. ಹೆಂಗಸರು "ಪುರುಸೊತ್ತೆಲ್ಲೈತೆ ಕಣವ್ವ" ಅನ್ನುತ್ತಾರೆ. ಹಾಗೆಂದ ಅಕ್ಕನೇ ಸ್ವಲ್ಪ ಹೊತ್ತಿಗೆ ಧಾರಾವಾಹಿಯ ಸೊಸೆಗೆ ಆಗುತ್ತಿರುವ ಅನ್ಯಾಯವನ್ನೆಲ್ಲ ಹೇಳಿರುತ್ತಾರೆ. ಸುಳ್ಳೇನಲ್ಲ. ಟೀವಿ ಹಾಕಿಯೇ ಇರುವುದಿಲ್ಲ. ಕತೆ ಬಂದಿದ್ದು ಮಗನ ಫೋನಿನಲ್ಲಿ, ತುಂಡು ತುಂಡು ವಿಡಿಯೊಗಳಾಗಿ.

ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಅನ್ನುವ ಟಿಆರ್‌ಪಿ ಲೆಕ್ಕಕ್ಕೆ ಈ ಅಕ್ಕ ಸಿಗುವುದಿಲ್ಲ. ಟೀವಿ ನೋಡುವವರನ್ನು ಅಳೆಯುವ ಬಾರ್ಕ್ ಸಂಸ್ಥೆ 2015ರಿಂದ ಆ ಲೆಕ್ಕ ಕೊಡುತ್ತಿದೆ. ಚಾನೆಲ್‌ನ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳದ ಗುರುತೊಂದು ಸೇರಿರುತ್ತದೆ. ಆಯ್ದ ಮನೆಗಳಲ್ಲಿಟ್ಟ ಮೀಟರ್ ಅದನ್ನು ಹಿಡಿಯುತ್ತದೆ. ನೋಡುವವರು ಆ ಮೀಟರಿನ ರಿಮೋಟಿನಲ್ಲಿ ತಮ್ಮ ತಮ್ಮ ಬಟನ್ ಒತ್ತಬೇಕು. ಟೀವಿ ಮುಂದೆ ಕೂತವರನ್ನು ಎಣಿಸಲು ಒಳ್ಳೆಯ ಏರ್ಪಾಡೇ. ಆದರೆ ಕೊಟ್ಟಿಗೆಯಲ್ಲಿ ಕೂತು ಫೋನ್ ನೋಡುವವರಿಗೆ ಬೇರೆ ದಾರಿ ಬೇಕಲ್ವಾ?

ನಾನು ನಿನ್ನೆಯ ದಿನವನ್ನು ಮಾತ್ರ ಕೇಳುತ್ತೇನೆ. ಅದೂ ಗಡಿಯಾರದ ಪ್ರಕಾರ ಅಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಮುಂಚೆ, ಹಾಕಿ ಬಂದಮೇಲೆ, ಪಂಪ್‌ಸೆಟ್ಟಿಗೆ ಕರೆಂಟ್ ಬಂದಾಗ, ಸಂಜೆ ಹಾಲಿನ ಹೊತ್ತು, ಊಟದ ಹೊತ್ತು. ಹೀಗೆ ಹಿಡಿದುಕೊಂಡು ಹೋದರೆ ನೆನಪು ತಾನಾಗಿ ಬರುತ್ತದೆ. "ಹೂಂ, ಗದ್ದೆ ಬದುವಲ್ಲಿ ಕೂತಿದ್ದಾಗ ಒಂದ್ ವಿಡಿಯೊ ಬಂತು" ಅನ್ನುತ್ತಾರೆ. ಯಾರು ಕಳಿಸಿದರು, ಪೂರ್ತಿ ನೋಡಿದಿರಾ, ಮುಂದೆ ಯಾರಿಗೆ ಕಳಿಸಿದಿರಿ? ನನಗೆ ಬೇಕಾದ ಮಾಹಿತಿ ಜಾಸ್ತಿ ಸಿಗುವುದು ಈ ಕೊನೆಯ ಪ್ರಶ್ನೆಯಲ್ಲೇ.

ಆಮೇಲೆ ಫೋನಿನ ಸೆಟ್ಟಿಂಗ್ಸ್ ತೆಗೆಸುತ್ತೇನೆ. ಯಾವ ಆಪ್ ಎಷ್ಟು ನಿಮಿಷ ಅಂತ ಅಲ್ಲಿರುತ್ತದೆ. ಬಾಯಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆಯಾಗುವುದು ಅಪರೂಪ. ಹಾಗಂತ ಫೋನ್ ಹೇಳಿದ್ದೇ ನಿಜ ಅಂತಲೂ ನಾನು ಒಪ್ಪುವುದಿಲ್ಲ. ಯೂಟ್ಯೂಬಿನ ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಮೊಮ್ಮಗುವಿಗೆ ಊಟ ಮಾಡಿಸಿದ ಕಾರ್ಟೂನ್ ಇರಬಹುದು. ಅದಕ್ಕೇ ಪ್ರತಿ ಆಪ್‌ಗೂ "ಆಗ ಫೋನ್ ಯಾರ ಕೈಲಿತ್ತು?" ಅಂತ ಕೇಳುತ್ತೇನೆ. 1980ರ ದಶಕದಲ್ಲಿ ಲಂಡನ್ನಿನ ಮನೆಗಳಲ್ಲಿ ಮಾಧ್ಯಮ ಸಂಶೋಧಕ ಡೇವಿಡ್ ಮಾರ್ಲಿ ಟೀವಿ ರಿಮೋಟ್ ಯಾರ ಕೈಲಿರುತ್ತದೆ ಅಂತ ನೋಡಿದ್ದರು. ಅಲ್ಲಿ ಅದು ಹೆಚ್ಚಾಗಿ ಅಪ್ಪನ ಕೈಲಿತ್ತು. ಇಲ್ಲಿ ಡೇಟಾ ಮುಗಿದ ದಿನ ಹಾಟ್‌ಸ್ಪಾಟ್ ಯಾರದು ಅನ್ನುವುದನ್ನೂ ಬರೆದುಕೊಳ್ಳಬೇಕು.

ಡೈರಿ ಬರೆಯಿರಿ ಅಂದರೆ ಯಾರೂ ಬರೆಯುವುದಿಲ್ಲ. ಮಲಗುವ ಮುಂಚೆ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿ ಅಂದರೆ ಖುಷಿಯಿಂದ ಹಾಕುತ್ತಾರೆ. ಅಕ್ಷರ ಬಾರದ ಅಜ್ಜಿಯೂ ಹಾಕುತ್ತಾರೆ. ಹಿಂದೆ ಟೀವಿಯ ಸದ್ದು ಕೇಳಿದರೆ ನನಗೆ ಇನ್ನೊಂದು ಸುಳಿವು.

ಗ್ರೂಪಿನ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಮಾತ್ರ ತೆಗೆಯುವುದಿಲ್ಲ. ಒಪ್ಪಿಗೆ ಕೊಟ್ಟವರು ಒಬ್ಬರು, ಗ್ರೂಪಿನಲ್ಲಿರುವವರು ನೂರು ಜನ. ವರದಿ ಕೇಳುವವರು "ಶೇಕಡಾ ಎಷ್ಟು?" ಅನ್ನುತ್ತಾರೆ. ಈ ಕೆಲಸದಿಂದ ಶೇಕಡಾ ಹುಟ್ಟುವುದಿಲ್ಲ. ಪರಿಚಯದ ಮೇಲೆ ಹೋದ ಮನೆಗಳು ಇಡೀ ಜಿಲ್ಲೆಯ ಪರವಾಗಿ ಮಾತಾಡಲಾರವು. ಅದಕ್ಕೆ ಸರಿಯಾಗಿ ಆಯ್ದ ಮನೆಗಳ ಸಮೀಕ್ಷೆಯೇ ಆಗಬೇಕು, ಖರ್ಚೂ ಹಾಗೇ.

ಇನ್ನೊಂದು ವಿಷಯ. ಪ್ರತಿ ಟಿಪ್ಪಣಿಯ ಮೇಲೂ ಆ ವಾರ ನಾಲೆಗೆ ನೀರು ಬಿಟ್ಟಿದ್ದರೋ ಇಲ್ಲವೋ ಬರೆಯುತ್ತೇನೆ. ಕಾವೇರಿ ಗಲಾಟೆಯ ವಾರದಲ್ಲಿ ಧಾರಾವಾಹಿ ಬಿಟ್ಟು ಎಲ್ಲರೂ ಕೆಆರ್‌ಎಸ್ ಮಟ್ಟ ನೋಡುತ್ತಿರುತ್ತಾರೆ. ಆ ವಾರದ ಉತ್ತರಗಳನ್ನು ನಾನು ಬೇರೆಯೇ ಫೈಲಿನಲ್ಲಿ ಇಡುತ್ತೇನೆ.