ದವಡೆ ನೋಡಿ ಜಿಂಕೆಯ ವಯಸ್ಸು ಅಂದಾಜಿಸುವುದು ಹೇಗೆ?

ಖಾನಾಪುರ ತಾಲ್ಲೂಕಿನ ಭೀಮಗಡ ವನ್ಯಧಾಮದ ಅಂಚಿನಲ್ಲಿ ಕಡವೆಯೊಂದು ಸತ್ತು ಬಿದ್ದರೆ, ನೆರೆದವರು ಮೊದಲು ಎಣಿಸುವುದು ಕೊಂಬಿನ ಕವಲುಗಳನ್ನು. ಈ ಲೆಕ್ಕವನ್ನು ಕೈಬಿಡಬೇಕು. ಕೊಂಬು ಉದುರಿ ಮತ್ತೆ ಬೆಳೆಯುವಂಥದ್ದು. ಮೇವು ಕಡಿಮೆಯಾದರೆ ಅದೂ ಸಣ್ಣದಾಗುತ್ತದೆ. ಕಡವೆ, ಚುಕ್ಕೆ ಜಿಂಕೆ ಎರಡರಲ್ಲೂ ಬೆಳೆದ ಗಂಡಿನ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ತುದಿಗಳು, ಹೆಣ್ಣಿಗಂತೂ ಕೊಂಬೇ ಇಲ್ಲ.

ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ಸಿಬ್ಬಂದಿಯ ಸಮ್ಮುಖದಲ್ಲೇ ಕೆಲಸ ಆರಂಭಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ ಪ್ರಾಣಿಯ ಹಲ್ಲೂ ಸರ್ಕಾರದ ಸ್ವತ್ತು.

ಕೆಳದವಡೆಯನ್ನು ಬಿಡಿಸಿ, ಮೆತ್ತನೆಯ ಬ್ರಷ್‌ನಿಂದ ತೊಳೆದು ನೆರಳಿನಲ್ಲಿ ಒಣಗಿಸಿ. ಬ್ಲೀಚಿಂಗ್ ಪುಡಿಯನ್ನು ಹತ್ತಿರವೂ ತರಬೇಡಿ. ಹಲ್ಲಿನ ಹೊರಕವಚವಾದ ಬಿಳಿಯ ಎನಾಮಲ್‌ಗೂ ಅದರ ಒಳಪದರವಾದ ಕಂದು ಬಣ್ಣದ ಡೆಂಟಿನ್‌ಗೂ ಇರುವ ವ್ಯತ್ಯಾಸವೇ ನಮಗೆ ಬೇಕಾದದ್ದು, ಅದನ್ನೇ ಆ ಪುಡಿ ಅಳಿಸಿಬಿಡುತ್ತದೆ.

ಇನ್ನು ಮುಖ್ಯವಾದ ಹಂತ. ಅಮೀನಗಡದ ಸಂತೆಯಲ್ಲಿ ಕುರಿಯ ತುಟಿ ಸರಿಸಿ ‘ಎರಡು ಹಲ್ಲು, ನಾಲ್ಕು ಹಲ್ಲು’ ಎಂದು ಹೇಳುವಂತೆ ಇಲ್ಲಿಯೂ ಮುಂಬಾಯಿಯನ್ನಷ್ಟೇ ನೋಡಿ ಮುಗಿಸುವವರಿದ್ದಾರೆ. ಹಾಲುಹಲ್ಲೆಲ್ಲ ಬಿದ್ದ ಮೇಲೆ ಮುಂದಿನ ಹಲ್ಲುಗಳಿಂದ ತಿಳಿಯುವುದು ಅಲ್ಪ. ದವಡೆಯ ಒಂದು ಬದಿಯಲ್ಲಿ ಬೆಳೆದ ಪ್ರಾಣಿಗೆ ಅರೆಯುವ ಹಲ್ಲುಗಳು ಆರು. ಮುಂದಿನಿಂದ ಮೂರನೆಯದನ್ನು ಹಿಡಿಯಿರಿ. ಅದಕ್ಕೆ ಮೂರು ಉಬ್ಬುಗಳಿದ್ದರೆ ಹಾಲುಹಲ್ಲು, ಪ್ರಾಣಿ ಇನ್ನೂ ಎಳೆಯದು. ಎರಡೇ ಇದ್ದರೆ ಶಾಶ್ವತ ಹಲ್ಲು ಬಂದಿದೆ. ಒಮ್ಮೆ ನನ್ನೆದುರೇ ಒಂದು ದವಡೆಯನ್ನು ‘ಮುದಿ ಹೆಣ್ಣು’ ಎಂದು ದಾಖಲಿಸಿದರು, ಏಕೆಂದರೆ ಆ ಮೂರನೆಯ ಹಲ್ಲು ಬಿಲ್ಲೆಯಂತೆ ಸವೆದಿತ್ತು. ಬೆರಳಾಡಿಸಿದರೆ ಮೂರು ಉಬ್ಬುಗಳ ಗುರುತು ಸ್ಪಷ್ಟವಾಗಿತ್ತು, ಕೆಳಗಿನಿಂದ ಹೊಸ ಹಲ್ಲು ಇಣುಕುತ್ತಿತ್ತು. ಬೀಳಲಿದ್ದ ಹಾಲುಹಲ್ಲಿನ ಸವೆತ ಒಂದು ಎಳೆಯ ಹೆಣ್ಣನ್ನು ಮುದಿಯಾಗಿಸಿತ್ತು.

ಶಾಶ್ವತ ಹಲ್ಲುಗಳೆಲ್ಲ ಬಂದಿದ್ದರೆ ನಾಲ್ಕನೆಯ ಹಲ್ಲಿನಿಂದ ಸವೆತ ಓದಬೇಕು, ಏಕೆಂದರೆ ಹಿಂದಿನ ಮೂರರಲ್ಲಿ ಮೊದಲು ಹುಟ್ಟಿ ಮೊದಲು ಸವೆಯುವುದು ಅದೇ. ನಾಲಿಗೆಯ ಬದಿಯ ಏಣುಗಳಲ್ಲಿ ಕಂದು ಗೆರೆ ಎನಾಮಲ್‌ಗಿಂತ ತೆಳುವಾಗಿದ್ದರೆ ಯೌವನ, ಅಗಲವಾಗಿದ್ದರೆ ನಡುವಯಸ್ಸು. ನಡುವಿನ ಅರ್ಧಚಂದ್ರಾಕಾರದ ಕುಳಿಯೇ ಮಾಯವಾಗಿದ್ದರೆ ಮುಪ್ಪು. ಮರಳು ಬೆರೆತ ಮೇವು ತಿಂದ ಪ್ರಾಣಿಯ ಹಲ್ಲು ಬೇಗ ಸವೆಯುವುದರಿಂದ ‘ಆರೂವರೆ ವರ್ಷ’ ಎಂದು ಬರೆಯದೆ, ವಯೋಗುಂಪನ್ನಷ್ಟೇ ಬರೆಯುವುದು ಪ್ರಾಮಾಣಿಕ ಕ್ರಮ. ಅಮೆರಿಕದ ಬಿಳಿಬಾಲದ ಜಿಂಕೆಗಾಗಿ ಸಿದ್ಧಪಡಿಸಿದ ವಯಸ್ಸಿನ ಪಟ್ಟಿಯನ್ನು ಕಡವೆಗೆ ಹೊಂದಿಸಲೇಬೇಡಿ.

ಇಬ್ಬರು ಬೇರೆಬೇರೆಯಾಗಿ ಓದಿ, ಲಿಂಗ, ಸ್ಥಳ, ದಿನಾಂಕ ಸೇರಿಸಿ ಬರೆಯಲಿ. ಸತ್ತವುಗಳಲ್ಲಿ ಎಳೆಯವು ಮತ್ತು ಮುದಿಯವುಗಳ ಪಾಲು ಹೆಚ್ಚಿರುತ್ತದೆ. ಎಳೆಯ ಮರಿಯ ದವಡೆಯಂತೂ ಸಿಗುವ ಮೊದಲೇ ಚೂರಾಗಿ ಹೋಗಿರುತ್ತದೆ. ಆದ್ದರಿಂದ ದವಡೆಗಳ ಲೆಕ್ಕವನ್ನು ಬದುಕಿರುವ ಹಿಂಡಿನ ಲೆಕ್ಕವೆಂದು ಬಗೆಯದೆ, ಬೇಸಿಗೆಯಲ್ಲಿ ನೀರಿನ ಹೊಂಡದ ಬಳಿ ಹೆಣ್ಣುಗಳನ್ನೂ ಮರಿಗಳನ್ನೂ ಪ್ರತ್ಯೇಕವಾಗಿ ಎಣಿಸಬೇಕು.